ಎರಡು ಸಲ ಬರೆದ ಮಳೆ

ಮಡಿಕೇರಿ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ನಕ್ಷೆ, ಜೊತೆಗೆ ಮೊದಲ ಮೂರು ಅಧ್ಯಾಯ ಓದಿದೆ. ನಾಪೋಕ್ಲು ಕಡೆಯ ತೋಟ, ನಿವೃತ್ತ ಟೀಚರ್, ಗೋದಾಮಿನಿಂದ ಕಾಣೆಯಾದ ಕಾಫಿ ಚೀಲ, ಕಳ್ಳನೆಂಬ ಹೆಸರು ಹೊತ್ತ, ತೋಟದ ಲೆಕ್ಕ ಬರೆಯುವ ರೈಟರ್. ಹೆಣ ಬೀಳದ ಪತ್ತೇದಾರಿ ಕಥೆ ಸಪ್ಪೆಯಾದೀತೇ ಎಂದು ಕೇಳಿದ್ದೀಯ. ಆಗುವುದಿಲ್ಲ. ಅಸಹಜ ಸಾವೊಂದನ್ನು ತಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಪೊಲೀಸರೇ ಬಂದು ಶವ ಪಂಚನಾಮೆ ಮಾಡಿ, ಮರಣೋತ್ತರ ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಕಾಗದವೂ ಠಾಣೆಯದು. ನಿನ್ನ ಟೀಚರ್ ಗೇಟಿನ ಹೊರಗೇ ನಿಂತಿರಬೇಕಾಗುತ್ತದೆ. ಚೀಲ ಕಾಣೆಯಾದ ಮನೆಯಲ್ಲಾದರೆ ಅವರು ಅಡುಗೆಮನೆಯವರೆಗೂ ಹೋಗಬಹುದು.

ಕೆಟ್ಟಿರುವುದು ಬೇರೆ ಕಡೆ. ಎರಡನೇ ಅಧ್ಯಾಯದಲ್ಲಿ ಟೀಚರ್ ಜಗಲಿಯಲ್ಲಿ ಕೂತು ನಾಲ್ಕು ಪುಟ ಸತ್ಯದ ಬಗ್ಗೆ ಯೋಚಿಸುತ್ತಾರೆ. ಮೂರನೆಯದರಲ್ಲಿ ಎದ್ದು ಚೀಲ ಹುಡುಕುತ್ತಾರೆ. ಆ ನಾಲ್ಕು ಪುಟ ಬಿಟ್ಟು ಓದಿ ನೋಡು, ಕಥೆಗೆ ಏನೂ ಆಗುವುದಿಲ್ಲ. ಒಗಟು ಒಂದು ದಾರಿ ಹಿಡಿದಿದೆ, ಚಿಂತನೆ ಇನ್ನೊಂದು ದಾರಿ. ಈ ಬಗೆಯ ಕಾದಂಬರಿಯಲ್ಲಿ ಒಗಟನ್ನು ಬಿಡಿಸುವ ಪುರಾವೆಯೇ ಪ್ರಶ್ನೆಯನ್ನೂ ಹುಟ್ಟಿಸಬೇಕು. ಯಾರು ಮಾಡಿದ್ದೆಂದು ತಿಳಿದ ಗಳಿಗೆಯಲ್ಲೇ, ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾಗಬೇಕು.

ಅಂಥ ಪುರಾವೆ ನಿನ್ನ ನಕ್ಷೆಯಲ್ಲೇ ಇದೆ. ಮನೆಯ ಅಜ್ಜಿ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀಯ. ಅಲ್ಲೇ ನಿಲ್ಲು. ಕೊಡಗಿನ ತೋಟದ ಮನೆಯ ಮಳೆ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ನಿನಗೆ ಸಿಗಲಾರದು. ಸರ್ಕಾರದ ಲೆಕ್ಕ ಮಿಲಿಮೀಟರಿನಲ್ಲಿದ್ದರೂ ನಮ್ಮ ಬೆಳೆಗಾರರು ಇನ್ನೂ ಇಂಚು, ಸೆಂಟಿನಲ್ಲೇ ಬರೆಯುತ್ತಾರೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ‘1 ಇಂಚು 20 ಸೆಂಟು’ ಎಂದರೆ 30 ಮಿಲಿಮೀಟರಿಗಿಂತ ತುಸು ಹೆಚ್ಚು. ಇನ್ನೊಂದು ಎಚ್ಚರ: ಹವಾಮಾನ ಇಲಾಖೆಯ ಕ್ರಮದಲ್ಲಿ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ, ಅಂದರೆ 5ನೇ ತಾರೀಖಿನ ಗೆರೆಯಲ್ಲಿ ಬರೆದ ಮಳೆ ಬಹುಪಾಲು 4ರ ಸಂಜೆ ಅಥವಾ ರಾತ್ರಿ ಬಿದ್ದದ್ದು. ಕೆಲವು ಮನೆಗಳಲ್ಲಿ ಅದನ್ನು 4ರ ಗೆರೆಗೇ ಹಾಕುತ್ತಾರೆ. ನಿನ್ನ ಮನೆಯ ಪದ್ಧತಿ ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡು ಟೀಚರ ಬಾಯಲ್ಲಿ ಕೇಳಿಸು. ಇಲ್ಲದಿದ್ದರೆ ಇಡೀ ಕಾದಂಬರಿ ಒಂದು ದಿನ ಹಿಂದುಮುಂದಾಗುತ್ತದೆ. ಕೊಡಗಿನ ಓದುಗರು ಅದನ್ನು ಹಿಡಿದೇ ಹಿಡಿಯುತ್ತಾರೆ.

ಈಗ ಇದನ್ನು ಹೀಗೆ ಹೆಣೆದು ನೋಡು. ಮಾರ್ಚ್ 5ರ ಗೆರೆಯಲ್ಲಿ 1 ಇಂಚು 20 ಸೆಂಟು. 9ರ ಗೆರೆಯಲ್ಲೂ ಅದೇ 1 ಇಂಚು 20 ಸೆಂಟು. ಅಜ್ಜಿ 5ರ ಬೆಳಿಗ್ಗೆ ಹಳೆಯ ಕೆಲಸಗಾರನೊಬ್ಬನನ್ನು ಕರೆದು, ಅವನ ಮಗಳ ನರ್ಸಿಂಗ್ ಓದಿಗೆಂದು 6 ಚೀಲ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು) ಕೊಟ್ಟರು, ಸ್ಟಾಕ್ ಪುಸ್ತಕದಲ್ಲೂ ಬರೆದರು. 9ರ ಬೆಳಿಗ್ಗೆ ಎದ್ದಾಗ ಅವರ ಮನಸ್ಸಿನಲ್ಲಿ ಅದು ಮತ್ತೆ 5ನೇ ತಾರೀಖು. ಮಳೆ ಪುಸ್ತಕದಲ್ಲಿ ದಿನಕ್ಕೊಂದು ಗೆರೆ. 9ರ ಗೆರೆ ಖಾಲಿ ಕಂಡಿತು, ತುಂಬಿದರು. ಅವನನ್ನು ಮತ್ತೆ ಕರೆಸಿ ಮತ್ತೆ 6 ಚೀಲ ಕೊಟ್ಟರು. ಸ್ಟಾಕ್ ಪುಸ್ತಕದಲ್ಲಿ ಬಾಬ್ತಿಗೊಂದು ಗೆರೆ. ಅವನ ಹೆಸರಿನ 6 ಚೀಲ ಅಲ್ಲಿ ಆಗಲೇ ಇತ್ತು, ಬರೆದಾಗಿದೆ ಎಂದು ಮುಚ್ಚಿಟ್ಟರು. ಗೋದಾಮಿನಲ್ಲಿ 12 ಚೀಲ ಕಡಿಮೆ, ಲೆಕ್ಕದಲ್ಲಿ ಕೊಟ್ಟದ್ದು 6. ಉಳಿದ 6 ರೈಟರ್ ತಲೆಯ ಮೇಲೆ ಬಂತು.

ರೈಟರನ್ನು ಬಿಡಿಸುವ ಪುರಾವೆ ಅಜ್ಜಿಯ ಮರೆವನ್ನು ಮನೆಯವರ ಮುಂದೆ ಬಿಚ್ಚಿಡುತ್ತದೆ. ಮರುದಿನವೇ ಸೊಂಟದ ಬೀಗದ ಕೈ ಗೊಂಚಲು ಅವರಿಂದ ಹೋಗುತ್ತದೆ. ಎರಡನೇ ಸಲವೂ ಚೀಲ ಹೊತ್ತುಕೊಂಡು ಹೋದವನಿದ್ದಾನಲ್ಲ, ಅವನು ಕಳ್ಳನೇ? ಕೊಟ್ಟವರಿಗೆ ಕೊಟ್ಟದ್ದು ನೆನಪಿಲ್ಲವೆಂದು ತಿಳಿದೂ ಕೈಚಾಚಿದರೆ ಅದು ದಾನವೋ ಕಳವೋ? ನಾಲ್ಕು ಪುಟದ ಚಿಂತನೆ ಮಾಡಲಾಗದ ಕೆಲಸವನ್ನು ಆ 6 ಚೀಲ ಮಾಡುತ್ತವೆ.

ನಕ್ಷೆಯಲ್ಲಿ ನೀನು 200 ಚೀಲ ಬರೆದಿದ್ದೀಯ. ಚೆರಿ ಚೀಲ 50 ಕೆಜಿ, ಹಾಗಾಗಿ ಅದು 10 ಟನ್. ಒಂದೂವರೆ ಟನ್ ಹೊರುವ ಪಿಕಪ್ ಆದರೆ ಏಳು ಟ್ರಿಪ್ ಆಗಬೇಕು. ಇಡೀ ಊರಿಗೆ ಕೇಳಿಸುತ್ತದೆ. 6 ಚೀಲ ಅಂದರೆ 300 ಕೆಜಿ, ಒಂದು ಜೀಪಿಗೆ ಸಾಕು, ಬೆಳಗಿನ ಮಂಜಿನಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮೆದು ಸ್ವಭಾವದ ಕಾದಂಬರಿಯಲ್ಲಿ ನಷ್ಟ ಚಿಕ್ಕದಿದ್ದಷ್ಟೂ ಅವಮಾನ ದೊಡ್ಡದಾಗಿ ಕಾಣುತ್ತದೆ.

ಎರಡನೇ ಮಳೆ ಬೀಳಲೇ ಇಲ್ಲವೆಂದು ಟೀಚರ್ ಹೇಗೆ ಸಾಬೀತು ಮಾಡುತ್ತಾರೆ? ಹೊಸಬರು ಎಡವುವುದು ಇಲ್ಲೇ. ಪಕ್ಕದ ತೋಟದ ಪುಸ್ತಕ ತಂದು ‘ಅಲ್ಲಿ ಮಳೆ ಇಲ್ಲ’ ಎಂದರೆ ಸಾಲದು. ಇಲ್ಲಿ ಒಂದು ಬೆಟ್ಟಕ್ಕೆ ಬಿದ್ದ ಮಳೆ ಆಚೆ ಬೆಟ್ಟಕ್ಕೆ ಬೀಳುವುದಿಲ್ಲ. ಹೂವನ್ನು ಸಾಕ್ಷಿ ಮಾಡೋಣವೆಂದರೆ, ರೊಬಸ್ಟಾ ಕಾಫಿಯ ಮೊಗ್ಗು ಇಂಚಿನಷ್ಟು ಹೂಮಳೆ ಸಿಕ್ಕಿದ ಎಂಟು-ಹತ್ತು ದಿನಕ್ಕೆ ಅರಳುತ್ತದೆ. ತೋಟ 13ರಂದು ಬೆಳ್ಳಗಾದರೆ 4ರ ರಾತ್ರಿಯ ಮಳೆ ನಿಜವೆಂದು ಅದು ಹೇಳುತ್ತದೆ. ಆದರೆ 8ರ ರಾತ್ರಿಯ ಮಳೆ ಸುಳ್ಳೆಂದು ಹೇಳುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಮೊಗ್ಗು ಹೊರಟಾಗಿತ್ತು. ಹೂವನ್ನು ಅರ್ಧ ಸಾಕ್ಷಿಯಾಗಿಯೇ ಬಳಸು. ಉಳಿದರ್ಧ ಆಳುಗಳ ಹಾಜರಿ, ದಿನದ ಕೆಲಸ ಬರೆಯುವ ಚೆಕ್‌ರೋಲಿನಲ್ಲಿದೆ. ಕೊನೆಯ ಕೊಯ್ಲಿನ ಚೆರಿ ಇನ್ನೂ ಕಣದಲ್ಲಿದೆ ಎಂದಿಟ್ಟುಕೋ. 5ರಂದು ಆಳುಗಳು ಟಾರ್ಪಾಲು ಬಿಚ್ಚಿ, ಕಣದ ನೀರು ಬಳಿದು, ಒದ್ದೆಯಾದದ್ದನ್ನು ಬೇರೆ ಹರಡಿದ್ದಾರೆ. 9ರಂದು ಎಂದಿನಂತೆ ನಾಲ್ಕು ಆಳು ಚೆರಿ ಕೆದಕಿದ್ದಾರೆ, ಅಷ್ಟೇ. ಹಿಂದಿನ ರಾತ್ರಿ ಇಂಚು ಮಳೆ ಬಿದ್ದ ಕಣದಲ್ಲಿ ಅದು ಸಾಧ್ಯವಿಲ್ಲ. ಆ ಚೆಕ್‌ರೋಲ್ ಬರೆದವನೇ ಆರೋಪ ಹೊತ್ತ ರೈಟರ್. ಆದ್ದರಿಂದ ಅವನೊಬ್ಬನ ಬರಹವನ್ನು ನಂಬದೆ ಆಳುಗಳು ವಾಸಿಸುವ ಲೈನ್‌ಮನೆಯ ಹೆಂಗಸರನ್ನೂ ಕೇಳಿಸು. ಅವರಿಗೆ ಆ ದಿನದ ಕೆಲಸ ನೆನಪಿರುತ್ತದೆ.

ಟೀಚರಿಗೆ ಆ ಮನೆಗೆ ದಿನಾ ಹೋಗಲು ಕಾರಣ ಬೇಕು. ಈಗ ಅವರು ಸುಮ್ಮನೆ ‘ಮಾತಾಡಿಸಲು’ ಹೋಗುತ್ತಾರೆ. ಮೂರನೇ ಸಲ ಹಾಗೆ ಬಂದವರಿಗೆ ಯಾವ ಮನೆಯವರೂ ಮನಬಿಚ್ಚಿ ಮಾತಾಡುವುದಿಲ್ಲ. ಮೊಮ್ಮಗನಿಗೆ ಪಾಠ ಹೇಳಲು ಬರುತ್ತಾರೆ ಎಂದು ಮಾಡು. ಆಗ ಅವರ ಕಸುಬೂ ಕೆಲಸಕ್ಕೆ ಬರುತ್ತದೆ. ಮೂವತ್ತು ವರ್ಷ ಕಾಪಿ ಪುಸ್ತಕ ತಿದ್ದಿದ ಕಣ್ಣಿಗೆ, ನೋಡಿ ಬರೆದ ಅಂಕಿಗೂ ನೆನಪಿನಿಂದ ಬರೆದ ಅಂಕಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಹವ್ಯಾಸಿ ಪತ್ತೇದಾರಳಿಗೆ ಅಪಾರ ಬುದ್ಧಿ ಬೇಕಿಲ್ಲ. ತನ್ನ ಕೆಲಸದಿಂದ ಬಂದ ಒಂದೇ ಒಂದು ನಿಖರವಾದ ಕಣ್ಣು ಸಾಕು. (ಕರಡು ತಿದ್ದುವಾಗ ‘ಪತ್ತೇದಾರ’, ‘ಪಟ್ಟೆದಾರ’ ಎರಡನ್ನೂ ಪ್ರತಿ ಪುಟದಲ್ಲಿ ಹುಡುಕು. ಪಟ್ಟೆದಾರ ಎಂದರೆ ಒಕ್ಕದ, ಅಂದರೆ ಕೊಡವ ಮನೆತನದ, ಹಿರಿಯ. ಅಂಥ ಹಿರಿಯರ ಬಗ್ಗೆ ಬರೆಯುವ ಪುಸ್ತಕದಲ್ಲಿ ಆ ಒಂದಕ್ಷರದ ತಪ್ಪು ಸಣ್ಣದಲ್ಲ.)

ಭಾಷೆಯಲ್ಲಿ ನಿನಗೊಂದು ನಿಧಿ ಇದೆ. ಕೊಡವ ತಕ್ಕಿನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ, ಅವ್ವ ಅಂದರೆ ಅಮ್ಮ, ತಾಯಿ ಅಂದರೆ ಅಜ್ಜಿ. ಹುಡುಗ ‘ತಾಯಿ ಕೊಟ್ಟದ್ದು’ ಎಂದರೆ ಬಯಲುಸೀಮೆಯಿಂದ ಬಂದ ಸಬ್‌ ಇನ್‌ಸ್ಪೆಕ್ಟರ್ ಅವನ ಅಮ್ಮನನ್ನು ಅನುಮಾನಿಸುತ್ತಾರೆ. ಕನ್ನಡದ ಓದುಗರೂ ಅವರ ಜೊತೆಗೇ ಎಡವುತ್ತಾರೆ. ಇದು ನ್ಯಾಯವಾಗಬೇಕಾದರೆ ಆ ಮಾತಿನ ಅರ್ಥವನ್ನು ಮೊದಲೇ, ಕನಿಷ್ಠ ನೂರು ಪುಟ ಹಿಂದೆ, ಬೇರೆ ಸಂದರ್ಭದಲ್ಲಿ ತೋರಿಸಿರಬೇಕು: ಹುಡುಗ ಅಜ್ಜಿಯ ಕೈ ಹಿಡಿದು ‘ತಾಯಿ’ ಎಂದು ಕೂಗುವ ಒಂದು ದೃಶ್ಯ ಸಾಕು. ವಿವರಣೆ ಕೊಡಬೇಡ, ಅಡಿಟಿಪ್ಪಣಿಯಂತೂ ಬೇಡವೇ ಬೇಡ.

ಸುಳಿವು ಅಡಗಿಸುವ ಕ್ರಮವೂ ಇದೇ. ಪ್ಯಾರಾದ ಕೊನೆಯ ವಾಕ್ಯದಲ್ಲಿ ಸುಳಿವು ಇಟ್ಟರೆ ಅದು ಕೂಗಿ ಹೇಳುತ್ತದೆ. ಮೂರು ವಸ್ತುಗಳ ಸಾಲಿನಲ್ಲಿ ನಡುವಿನದಾಗಿ ಇಡು, ಬೆನ್ನಿಗೇ ಓದುಗರ ಮನಸ್ಸು ಸೆಳೆಯುವ ಮಾತೊಂದು ಬರಲಿ. ಮಳೆ ಪುಸ್ತಕದ ಎರಡು ಗೆರೆಗಳನ್ನು ಒಂದೇ ಪುಟದಲ್ಲಿ ತೋರಿಸಬೇಡ. ಮೊದಲನೆಯದು ನಾಲ್ಕನೇ ಅಧ್ಯಾಯದಲ್ಲಿ, ಅಜ್ಜಿ ಸಂಭ್ರಮದಿಂದ ಓದಿ ಹೇಳುವಾಗ ಬರಲಿ. ಎರಡನೆಯದು ಒಂಬತ್ತರಲ್ಲಿ, ಜಗಳದ ನಡುವೆ. ಮುಖ್ಯ ಸುಳಿವುಗಳೆಲ್ಲ ಕಾದಂಬರಿಯ ಮುಕ್ಕಾಲು ಭಾಗದೊಳಗೆ ಓದುಗರ ಕೈಸೇರಿರಬೇಕು.

ಅನುಮಾನಕ್ಕೆ ಸಿಕ್ಕ ಪ್ರತಿಯೊಬ್ಬರಿಗೂ ಬಚ್ಚಿಡಲು ಏನೋ ಇರಲಿ, ಅದು ಈ ಕಳವಾಗಿರುವುದು ಬೇಡ. ಮೇಸ್ತ್ರಿ ಏಕೆ ಬೆವರುತ್ತಾನೆ? ಮಳೆಗೆ ಹೆದರಿ, ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗುವ ಮೊದಲೇ ಚೆರಿಯನ್ನು ಚೀಲಕ್ಕೆ ತುಂಬಿಸಿದ್ದಾನೆ. ತೇವ ಆರಿ 50 ಕೆಜಿ ಚೀಲ ಈಗ 48 ತೂಗುತ್ತಿದೆ, ಕೆಲವದರಲ್ಲಿ ಬೂಸ್ಟು ವಾಸನೆ. ಟೀಚರ್ ಈ ಗುಟ್ಟು ಬಿಡಿಸಿದಾಗ ಒಂದು ಸತ್ಯ ಸಿಗುತ್ತದೆ, ಅದು ತಪ್ಪು ಸತ್ಯ ಅಷ್ಟೇ. ಓದುಗರಿಗೆ ಮೋಸವಾಯಿತು ಅನ್ನಿಸುವುದಿಲ್ಲ.

ಕೋವಿಯ ದೃಶ್ಯ ತೆಗೆದುಬಿಡು. ಗೋಡೆಯ ಮೇಲಿನ ಕೋವಿ ಬೇರೆ ಊರಿನ ಕಥೆಯಲ್ಲಿ ಬೆದರಿಕೆ. ಇಲ್ಲಿ ಕೊಡವರಿಗೂ ಜಮ್ಮಾ ಎಂಬ ಪರಂಪರೆಯ ಭೂ ಹಿಡುವಳಿ ಇರುವವರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಆಯುಧ ಪೂಜಿಸುವ ಹಬ್ಬವಾದ ಕೈಲ್ ಪೊಳ್ದ್‌ಗೆ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಗುಂಡಿನ ಸದ್ದು ಕೇಳಿದರೆ ಊರವರು ಬೆಚ್ಚುವುದಿಲ್ಲ, ಎಣಿಸುತ್ತಾರೆ: ಒಂದಾದರೆ ಗಂಡುಮಗು ಹುಟ್ಟಿದೆ, ಬೆನ್ನಿಗೇ ಎರಡಾದರೆ ಸಾವು.

ಕಾನೂನಿನಲ್ಲಿ ಎರಡು ತಿದ್ದುಪಡಿ. ರೈಟರ್ ಮೇಲೆ ಬರುವುದು ನೌಕರ ಮಾಡಿದ ಕಳವಿನ ಕಲಂ, ಭಾರತೀಯ ನ್ಯಾಯ ಸಂಹಿತೆಯ 306. ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಕಥೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಭಾರತೀಯ ದಂಡ ಸಂಹಿತೆಯ 381 ಎಂದು ಬರೆ. ಕೊನೆಯಲ್ಲಿ ಇನ್‌ಸ್ಪೆಕ್ಟರ್ ಎದುರು ತಪ್ಪೊಪ್ಪಿಗೆ ಇಟ್ಟಿದ್ದೀಯ. ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸಲಾಗದು. ಅದರ ಬದಲು ಎಲ್ಲರೂ ಒಕ್ಕದ ಮೂಲಮನೆಯಾದ ಐನ್‌ಮನೆಯ ನಡುಕೋಣೆಯಾದ ನೆಲ್ಲಕ್ಕಿಯಲ್ಲಿ, ತೂಗುದೀಪದ ಕೆಳಗೆ ಕೂತಿರಲಿ. ಅಲ್ಲಿ ಸುಳ್ಳು ಹೇಳುವುದು ಠಾಣೆಯಲ್ಲಿ ಹೇಳುವುದಕ್ಕಿಂತ ಕಷ್ಟ.

ಗಡುವೂ ಇರಲಿ. ಹೂವು ಬಾಡುವುದರೊಳಗೆ ದೂರು ಕೊಡುತ್ತೇನೆ ಎಂದು ಯಜಮಾನರು ಹೇಳಲಿ. ಹೂವು ಕಂದಲು ಎರಡು-ಮೂರು ದಿನ ಸಾಕು. ಟೀಚರ ಚಿಂತನೆ ಆ ದಿನಗಳ ಒಳಗೇ, ಒಂದು ಸಲಕ್ಕೆ ಐದಾರು ಸಾಲಿಗೆ ಮೀರದಂತೆ, ಯಾವುದಾದರೂ ಕೆಲಸಕ್ಕೆ ಕೈಹಾಕುವ ಮುಂಚೆ ಬರಲಿ: ಯಾರ ಮನೆಗೆ ಮೊದಲು ಹೋಗಲಿ, ಪುಸ್ತಕವನ್ನು ಚೀಲದಲ್ಲಿಟ್ಟುಕೊಳ್ಳಲೇ, ಬಿಡಲೇ. ಅವರು ಬೋಧಿಸಬಾರದು. ಮೂವತ್ತು ವರ್ಷ ಬೋಧಿಸಿದವರಿಗೆ ಇದು ಕಷ್ಟ, ಆ ಕಷ್ಟವೂ ಪಾತ್ರದೊಳಗೆ ಕಾಣಲಿ.

ಮುಂದಿನ ಅಧ್ಯಾಯ ಬರೆಯುವ ಮೊದಲು ದೊಡ್ಡ ಹಾಳೆಯಲ್ಲಿ ಮಾರ್ಚ್ 1ರಿಂದ 16ರವರೆಗೆ ಗೆರೆ ಎಳೆ. ಪ್ರತಿ ದಿನಕ್ಕೆ ನಾಲ್ಕು ಮನೆ: ಆ ದಿನದ ಮಳೆ-ಬಿಸಿಲು, ನಿಜವಾಗಿ ನಡೆದದ್ದು, ಓದುಗರಿಗೆ ಕಂಡದ್ದು, ಟೀಚರಿಗೆ ತಿಳಿದದ್ದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಎಲ್ಲಾದರೂ ಅಂತರ ಬಂದರೆ ಅಲ್ಲಿ ನೀನು ಓದುಗರಿಂದ ಏನೋ ಮುಚ್ಚಿಟ್ಟಿದ್ದೀಯ ಎಂದರ್ಥ, ಅದನ್ನು ಸರಿಪಡಿಸು.

ಕೊನೆಯ ಅಧ್ಯಾಯವನ್ನು ಈಗಲೇ ಬರೆದು ನೋಡು. 17ರ ಬೆಳಿಗ್ಗೆ ಮಳೆಮಾಪಕದ ಹತ್ತಿರ ಯಾರು ನಿಂತಿದ್ದಾರೆ? ಅಜ್ಜಿಯೇ, ಮೊಮ್ಮಗನೇ, ಇಬ್ಬರೂ ಸೇರಿಯೇ? ಪೆನ್ನು ಯಾರ ಕೈಯಲ್ಲಿದೆ? ಅಷ್ಟನ್ನು ಗೊತ್ತುಮಾಡಿ ನನಗೆ ಕಳಿಸು, ಉಳಿದದ್ದರ ಬಗ್ಗೆ ಆಮೇಲೆ ಮಾತಾಡೋಣ.

ಇತಿ,
ನಿನ್ನ ಅಕ್ಕ