ಬೆಂಗಳೂರಿನ ಇಂಧನ ಕೇಂದ್ರದಲ್ಲಿ ನೆರೆಯವರು ಮುಂದಾಳಾಗಲಿ: ವಿದೇಶಾಂಗ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಎಸ್. ಜೈಶಂಕರ್ ಅವರಿಗೆ ನಮಸ್ಕಾರಗಳು.

1986ರ ನವೆಂಬರ್‌ನಲ್ಲಿ ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಎರಡನೇ ಶೃಂಗಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಎರಡು ದೇಶಗಳ ನಡುವಿನ ತಕರಾರುಗಳನ್ನು ಸಾರ್ಕ್ ಸಭೆಗೆ ತರಬಾರದೆಂಬ ನಿಯಮವಿದ್ದರೂ, ಆ ನೆಪದಲ್ಲಿ ಊರಿಗೆ ಬಂದಿದ್ದ ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಅವರೊಂದಿಗೆ ರಾಜೀವ್ ಗಾಂಧಿ ಶ್ರೀಲಂಕಾ ತಮಿಳರ ವಿಷಯ ಮಾತಾಡಿದರು. 2014ರ ಕಠ್ಮಂಡು ಸಭೆಯ ನಂತರ ಸಾರ್ಕ್ ಶೃಂಗಸಭೆಯೇ ನಡೆದಿಲ್ಲ. ಉರಿ ದಾಳಿಯ ಬಳಿಕ ಮುಂದಿನ ಸಭೆಗೆಂದು ಇಸ್ಲಾಮಾಬಾದಿಗೆ ಹೋಗದಿರಲು ಭಾರತಕ್ಕೆ ಬಲವಾದ ಕಾರಣವಿತ್ತು. ಅದನ್ನು ನಾನು ಪ್ರಶ್ನಿಸುತ್ತಿಲ್ಲ.

ನನ್ನ ಕಳಕಳಿ ಬಂಗಾಳ ಕೊಲ್ಲಿ ಭಾಗದ ಏಳು ದೇಶಗಳ ಕೂಟವಾದ ಬಿಮ್‌ಸ್ಟೆಕ್ ಕುರಿತದ್ದು. ಸಾರ್ಕ್ ಬೇಕೆಂದು ಮೊದಲು ಓಡಾಡಿದ್ದು ಬಾಂಗ್ಲಾದೇಶ. ಬಿಮ್‌ಸ್ಟೆಕ್ 1997ರಲ್ಲಿ ಹುಟ್ಟಿದ್ದು ಬ್ಯಾಂಕಾಕ್‌ನಲ್ಲಿ. ದೊಡ್ಡ ದೇಶ ಕರೆದರೆ ಉಳಿದವರಿಗೆ ಅನುಮಾನ; ಮಧ್ಯಮ ಬಲದ ದೇಶ ಕರೆದರೆ ಆ ಅಳುಕಿಲ್ಲ. 2012ರ ಜುಲೈನಲ್ಲಿ, ದಕ್ಷಿಣ ಚೀನಾ ಸಮುದ್ರದ ತಕರಾರಿನಿಂದ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನ ವಿದೇಶಾಂಗ ಸಚಿವರ ಸಭೆ ಜಂಟಿ ಹೇಳಿಕೆಯಿಲ್ಲದೆ ಮುಗಿಯಿತು. 45 ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು. ಆಗ ಇಂಡೊನೇಷ್ಯಾದ ವಿದೇಶಾಂಗ ಸಚಿವ ಮಾರ್ಟಿ ನಟಲೆಗಾವ ಮನಿಲಾ, ಹನೋಯ್, ಬ್ಯಾಂಕಾಕ್, ನೋಮ್ ಪೆನ್, ಸಿಂಗಪುರಗಳನ್ನು ಬೆನ್ನುಬೆನ್ನಿಗೆ ಸುತ್ತಿ, ಒಂದೇ ವಾರದಲ್ಲಿ ಆರು ಅಂಶಗಳಿಗೆ ಎಲ್ಲರ ಒಪ್ಪಿಗೆ ಪಡೆದರು. ಮೂಲ ಜಗಳ ಬಗೆಹರಿಯಲಿಲ್ಲ, ನಿಜ. ಆದರೆ ಕೂಟ ಒಡೆಯಲಿಲ್ಲ. ಆ ಕೆಲಸ ಬೀಜಿಂಗ್‌ನಿಂದಲೂ ಆಗುತ್ತಿರಲಿಲ್ಲ, ವಾಷಿಂಗ್ಟನ್‌ನಿಂದಲೂ ಆಗುತ್ತಿರಲಿಲ್ಲ.

ನಮ್ಮ ಭಾಗದಲ್ಲಿ ಅಂಥ ಪಾತ್ರಕ್ಕೆ ಥಾಯ್ಲೆಂಡ್ ಇದೆ, ಬಾಂಗ್ಲಾದೇಶವಿದೆ, ಜಲವಿದ್ಯುತ್ತಿನ ಮಟ್ಟಿಗೆ ನೇಪಾಳ, ಭೂತಾನ್‌ಗಳೂ ಇವೆ. ಅವರಿಗೆ ಜಾಗ ಬಿಡಬೇಕಾದವರು ನಾವು. 2024ರ ನವೆಂಬರ್‌ನಲ್ಲಿ ನೇಪಾಳದ 40 ಮೆಗಾವಾಟ್ ವಿದ್ಯುತ್ ನಮ್ಮ ತಂತಿಗಳ ಮೂಲಕ ಮೊದಲ ಬಾರಿಗೆ ಬಾಂಗ್ಲಾದೇಶ ತಲುಪಿತು. ಸಂತೋಷದ ಸಂಗತಿ. ಆದರೆ ಇಷ್ಟು ಸಣ್ಣ ಮೊತ್ತಕ್ಕೂ ಆ ಎರಡು ದೇಶಗಳು ನಮ್ಮ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಮಾರುವವರು ಒಬ್ಬರು, ಕೊಳ್ಳುವವರು ಇನ್ನೊಬ್ಬರು. ದಾರಿ ಮಾತ್ರ ನಮ್ಮದು. ಪ್ರತಿ ಒಪ್ಪಂದವೂ ಹೀಗೆ ದೆಹಲಿಯ ಬಾಗಿಲಲ್ಲಿ ನಿಲ್ಲುವುದಾದರೆ ಏಳು ದೇಶಗಳ ಕೂಟ ಯಾತಕ್ಕೆ?

ಬಿಮ್‌ಸ್ಟೆಕ್ ಇಂಧನ ಕೇಂದ್ರ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದೆ. ಈ ಊರಿನವರಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತೇ ಇಲ್ಲ. ಗಡಿಯಾಚೆಯ ವಿದ್ಯುತ್ ಸಾಗಣೆಗೆ ಎಲ್ಲರಿಗೂ ಒಂದೇ ನಿಯಮ ರೂಪಿಸುವ ಕೆಲಸವನ್ನು ಅಲ್ಲಿಗೆ ವಹಿಸಿ, ಮೊದಲ ಕರಡು ಬರೆಯುವ ಹೊಣೆಯನ್ನು ನೇಪಾಳ ಮತ್ತು ಭೂತಾನ್‌ಗೆ ಕೊಡಿ. ಏಳೂ ದೇಶಗಳ ಇಂಧನ ಸಚಿವರು ವರ್ಷಕ್ಕೊಮ್ಮೆ, ಯಾರ ನಡುವೆ ಎಂಥ ಮುನಿಸಿದ್ದರೂ, ಇಲ್ಲಿ ಸೇರಲೇಬೇಕೆಂದು ಗೊತ್ತುಮಾಡಿ. ಢಾಕಾದೊಂದಿಗೆ ಮಾತು ಬಿಗಿಯಾಗಿರುವ ವರ್ಷ ಆ ಸಭೆ ಇನ್ನೂ ಹೆಚ್ಚು ಬೇಕಾಗುತ್ತದೆ. ಮೊದಲ ಸಭೆಯ ಅಧ್ಯಕ್ಷತೆ ಭಾರತಕ್ಕೆ ಬೇಡ.

ಇತಿ,
ಬೆಂಗಳೂರಿನ ಒಬ್ಬ ನಾಗರಿಕ