ತಂತ್ರಾಂಶ ಕೊಂಡರೆ ಸಾಲದು

ಮಾನ್ಯರೇ,

ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳಿಗೂ ವ್ಯವಹಾರದ ಅಂಕಿಅಂಶಗಳನ್ನು ವಿಶ್ಲೇಷಿಸುವ ತಂತ್ರಾಂಶ ಕಾಲಿಡುತ್ತಿರುವುದು ಸಂತೋಷದ ಸಂಗತಿ. ಆದರೆ ಗಿರಣಿಯೊಂದರಲ್ಲಿ ಬಹುಕಾಲದಿಂದ ಲೆಕ್ಕ ಬರೆಯುತ್ತಿರುವ ನಾನು ಒಂದು ಮಾತನ್ನು ಮಾಲೀಕರ ಗಮನಕ್ಕೆ ತರಲೇಬೇಕು.

ಚೀಲದಿಂದ ತೆಗೆದ ಹಿಡಿ ಭತ್ತವನ್ನು ಮೀಟರಿಗೆ ಹಾಕಿದಾಗ ಶೇ 19 ಎಂದು ತೋರಿದ ತೇವಾಂಶವು, ಬರೆದಿಟ್ಟ ಚೀಟಿ ಕಳೆದುಹೋದ ಕಾರಣ, ಸಂಜೆ ಕಂಪ್ಯೂಟರಿಗೆ ಏರುವಾಗ ಅಂದಾಜಿನಲ್ಲಿ 17 ಆಗಿಬಿಡುತ್ತದೆ. ಸರ್ಕಾರಿ ಖರೀದಿಯ ಗರಿಷ್ಠ ಮಿತಿ ಅಷ್ಟೇ ಇರುವುದರಿಂದ ಆ ಅಂಕಿ ಎಲ್ಲರ ಬಾಯಲ್ಲೂ ಇದೆ. ಮುಂದೆ, ತೇವ ಹೆಚ್ಚಿದ್ದ ಕಾರಣ, ಕ್ವಿಂಟಲ್ ಭತ್ತಕ್ಕೆ ಬರಬೇಕಾದ 67 ಕಿಲೊ ಅಕ್ಕಿ ಬಾರದಿದ್ದಾಗ, ಪರದೆಯ ಮೇಲಿನ ಬಣ್ಣಬಣ್ಣದ ನಕ್ಷೆ ಯಂತ್ರದ ಕಡೆಗೆ ಬೊಟ್ಟು ಮಾಡುತ್ತದೆ, ಆಪರೇಟರ್ ಬೈಸಿಕೊಳ್ಳುತ್ತಾನೆ. ಇದು ಅನ್ಯಾಯ.

ಹೀಗಾಗಿ ತಂತ್ರಾಂಶಕ್ಕೆ ಹಣ ಹಾಕುವ ಮೊದಲು, ಮೀಟರಿನ ಪಕ್ಕದಲ್ಲೇ ಅಂಕಿ ದಾಖಲಾಗುವ ವ್ಯವಸ್ಥೆ ಮಾಡಬೇಕು. ಮಾರುವ ಕಂಪನಿಗಳು ಮಾಲೀಕರ ಕೋಣೆಯಲ್ಲಿ ಒಂದು ದಿನ ತೋರಿಸಿ ಹೋಗದೆ, ತೂಕ ಮಾಡುವವರಿಗೂ ಹಮಾಲರಿಗೂ ಕನ್ನಡದಲ್ಲಿ, ಕನಿಷ್ಠ ಒಂದು ಸುಗ್ಗಿ ಮುಗಿಯುವವರೆಗೆ, ತರಬೇತಿ ಕೊಡಬೇಕೆಂದು ವಿನಂತಿ.

– ಗಿರಣಿ ಲೆಕ್ಕಿಗ, ಗಂಗಾವತಿ, ಕೊಪ್ಪಳ ಜಿಲ್ಲೆ