ವಿಷಯ: ಎರಡೂ ಕಣ್ಣು ಒಟ್ಟಿಗೆ ತೆರೆಯದ ಸ್ಟೀರಿಯೋ ಕ್ಯಾಮೆರಾ – ಬದಲಿ ಅಥವಾ ಹಣ ವಾಪಸ್ ಕೋರಿ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಮನೆಯಲ್ಲೇ ಕಟ್ಟಿದ ಚಕ್ರದ ರೋಬೋಟ್‌ಗೆ ಮೊದಲು ಎರಡು ಸಾಧಾರಣ ವೆಬ್‌ಕ್ಯಾಮ್ ಹಾಕಿದ್ದೆ. ಅವು ತಮ್ಮ ತಮ್ಮ ಪಾಡಿಗೆ ಚಿತ್ರ ತೆಗೆಯುತ್ತಿದ್ದುದರಿಂದ ರೋಬೋಟ್ ನಿಂತಾಗ ಮಾತ್ರ ದೂರದ ಲೆಕ್ಕ ಸರಿ ಬರುತ್ತಿತ್ತು. ಆ ಕೊರತೆ ನೀಗಲೆಂದೇ ಎರಡು ಕ್ಯಾಮೆರಾಗಳ ಚಿತ್ರ ಹೋಲಿಸಿ ದೂರ ಅಳೆಯುವ ನಿಮ್ಮ ಸ್ಟೀರಿಯೋ ಮಾಡ್ಯೂಲ್ ಕೊಂಡೆ. ‘ಹಾರ್ಡ್‌ವೇರ್ ಸಿಂಕ್’ (ಎರಡೂ ಕ್ಯಾಮೆರಾ ಒಂದೇ ಕ್ಷಣದಲ್ಲಿ ಚಿತ್ರ ತೆಗೆಯುವಂತೆ ಬೋರ್ಡೇ ಹೊಂದಿಸುವುದು) ಎಂದು ನೀವು ಉತ್ಪನ್ನದ ವಿವರಣೆಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೀರಿ. ಬಂದ ಬೋರ್ಡಿನಲ್ಲಿ ಅದು ಕೆಲಸ ಮಾಡುತ್ತಿಲ್ಲ.

ಮಿಲಿಸೆಕೆಂಡಿಗೆ ಒಂದರಂತೆ ಸರದಿಯಲ್ಲಿ ಉರಿಯುವ ಎಲ್‌ಇಡಿ ಸಾಲನ್ನು ಎದುರಿಗಿಟ್ಟು ಪರೀಕ್ಷಿಸಿದೆ. ಎಡ ಚಿತ್ರದಲ್ಲಿ ಒಂದು ದೀಪ ಉರಿಯುತ್ತಿದ್ದರೆ ಬಲ ಚಿತ್ರದಲ್ಲಿ ಎಷ್ಟೋ ಆಚೆಯ ಇನ್ನೊಂದು. ಅಂತರ ಕೆಲವೊಮ್ಮೆ 16 ಮಿಲಿಸೆಕೆಂಡ್ ಮುಟ್ಟುತ್ತದೆ, ಅಂದರೆ 30 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 30 ಚಿತ್ರ) ಒಂದು ಚಿತ್ರದ ಸುಮಾರು ಅರ್ಧ ಸಮಯ. ಅದೂ ಒಂದೇ ಸಮ ಇರುವುದಿಲ್ಲ, ಜಾರುತ್ತಾ ಹೋಗುತ್ತದೆ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಕಳೆದು ಸರಿಪಡಿಸಲೂ ಬರುವುದಿಲ್ಲ. ಬೋರ್ಡಿನ ಮೇಲೆ ಎರಡು ಕ್ಯಾಮೆರಾಗಳ ಸಿಂಕ್ ಪ್ಯಾಡ್‌ಗಳೇನೋ (ಸಿಂಕ್ ಸಂಕೇತದ ಲೋಹದ ಬಿಂದುಗಳು) ಇವೆ, ಆದರೆ ಎರಡರ ನಡುವೆ ಮಲ್ಟಿಮೀಟರ್ ಇಟ್ಟರೆ ಬೀಪ್ ಬರುವುದಿಲ್ಲ, ಅಂದರೆ ಅವುಗಳ ನಡುವೆ ಸಂಪರ್ಕವೇ ಇಲ್ಲ.

ಇದು ಸಣ್ಣ ದೋಷವಲ್ಲ. ಬೇಸ್‌ಲೈನ್ (ಎರಡು ಕ್ಯಾಮೆರಾಗಳ ನಡುವಿನ ಅಂತರ) 6 ಸೆಂ.ಮೀ., ಲೆನ್ಸಿನ ಫೋಕಲ್ ಲೆಂಗ್ತ್ ಸುಮಾರು 700 ಪಿಕ್ಸೆಲ್ ಇರುವಾಗ 2 ಮೀಟರ್ ದೂರದ ವಸ್ತುವಿನ ಡಿಸ್ಪ್ಯಾರಿಟಿ (ಎಡ-ಬಲ ಚಿತ್ರಗಳಲ್ಲಿ ಅದರ ಸ್ಥಾನದ ವ್ಯತ್ಯಾಸ) 21 ಪಿಕ್ಸೆಲ್; ಇದು ಕಡಿಮೆಯಾದಷ್ಟೂ ವಸ್ತು ದೂರ ಎಂದು ಲೆಕ್ಕ. ರೋಬೋಟ್ ಸೆಕೆಂಡಿಗೆ 60 ಡಿಗ್ರಿ ತಿರುಗುತ್ತಿದ್ದರೆ 16 ಮಿಲಿಸೆಕೆಂಡಿನಲ್ಲಿ ದೃಶ್ಯವೇ 12 ಪಿಕ್ಸೆಲ್‌ನಷ್ಟು ಸರಿದಿರುತ್ತದೆ. ಒಂದು ಕಡೆ ತಿರುಗಿದರೆ ಅದೇ ವಸ್ತು ನಾಲ್ಕೂವರೆ ಮೀಟರ್‌ಗಿಂತ ಆಚೆ ಕಾಣುತ್ತದೆ, ಇನ್ನೊಂದು ಕಡೆ ತಿರುಗಿದರೆ ಒಂದೂಕಾಲು ಮೀಟರ್‌ಗೆ ಬಂದುಬಿಡುತ್ತದೆ. ಇಂಥ ಕಣ್ಣನ್ನು ನಂಬಿ ರೋಬೋಟ್ ಗೋಡೆಗೆ ಗುದ್ದದೆ ಇನ್ನೇನು ಮಾಡೀತು?

ನಿಮ್ಮ ಸಿಬ್ಬಂದಿ ಪ್ರತಿ ಸಲವೂ ‘ಮತ್ತೆ ಕ್ಯಾಲಿಬ್ರೇಟ್ ಮಾಡಿ’ (ಲೆನ್ಸ್ ಮತ್ತು ಕ್ಯಾಮೆರಾಗಳ ಅಳತೆಯನ್ನು ಮತ್ತೆ ಲೆಕ್ಕಹಾಕಿ) ಎನ್ನುತ್ತಾರೆ. ಕ್ಯಾಲಿಬ್ರೇಷನ್ ಸರಿಯಾಗಿಯೇ ಇದೆ, ರೀಪ್ರೊಜೆಕ್ಷನ್ ದೋಷ (ಲೆಕ್ಕ ಹೇಳಿದ ಜಾಗಕ್ಕೂ ಚಿತ್ರದಲ್ಲಿ ಕಂಡ ಜಾಗಕ್ಕೂ ಇರುವ ವ್ಯತ್ಯಾಸ) ಅರ್ಧ ಪಿಕ್ಸೆಲ್‌ಗಿಂತ ಕಡಿಮೆ. ಕ್ಯಾಲಿಬ್ರೇಷನ್‌ಗೆ ಬಳಸುವ ಚದುರಂಗದ ಮನೆಗಳ ಹಾಳೆಯನ್ನು ಅಲುಗಿಸದೆ ಹಿಡಿದಿರುತ್ತೇವಲ್ಲ, ಸಮಯದ ತಪ್ಪು ಅಲ್ಲಿ ಕಾಣಿಸುವುದಾದರೂ ಹೇಗೆ? ‘ರೋಬೋಟನ್ನು ನಿಧಾನವಾಗಿ ಓಡಿಸಿ’ ಎಂಬ ಸಲಹೆಯೂ ಬಂತು. ಅದಕ್ಕೆ ನನ್ನ ಹಳೆಯ ವೆಬ್‌ಕ್ಯಾಮ್‌ಗಳೇ ಸಾಕಿದ್ದವು.

ಸಿಂಕ್ ನಿಜವಾಗಿ ಕೆಲಸ ಮಾಡುವ ಮಾಡ್ಯೂಲನ್ನು, ಕಳಿಸುವ ಮುನ್ನ ಪರೀಕ್ಷಿಸಿ, ಬದಲಿಯಾಗಿ ಕೊಡಿ. ಆಗದಿದ್ದರೆ ಸಾಗಣೆ ವೆಚ್ಚವೂ ಸೇರಿ ಪೂರ್ತಿ ಹಣ ಹಿಂತಿರುಗಿಸಿ. ಉತ್ಪನ್ನದ ವಿವರಣೆಯನ್ನೂ ತಿದ್ದಿ. ಎಲ್‌ಇಡಿ ಪರೀಕ್ಷೆಯ ಎಡ-ಬಲ ಚಿತ್ರಗಳನ್ನೂ ಬಿಲ್ಲಿನ ಪ್ರತಿಯನ್ನೂ ಲಗತ್ತಿಸಿದ್ದೇನೆ. ದಯವಿಟ್ಟು ಇದನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಎಂಜಿನಿಯರ್ ಒಬ್ಬರಿಂದಲೇ ಉತ್ತರ ಕೊಡಿಸಿ.

ಇಂತಿ,
ನಿಮ್ಮ ಗ್ರಾಹಕ